ಗಂಜಿಯ ಋಣ



ನಿಮ್ಮ ಮನೆಯ ಮಗಳು ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರಬಹುದು. ಮಗನೋ ಅಳಿಯನೋ ಮಸ್ಕತ್ತಿನ ಯಾವುದೋ ಶಾಲೆಯಲ್ಲಿ ಗಣಿತ ಪಾಠ ಹೇಳುತ್ತಿರಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಮನೆಗಳಿಗೆ ಭೇಟಿಗೆ ಹೋದಾಗ, ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಪರದೇಶದಲ್ಲಿರುವ ಒಬ್ಬ ಮಗನ ಅಥವಾ ಮಗಳ ಫೋಟೋ ಇರುವ ಮನೆ ಸಿಗದೆ ಇರುವುದಿಲ್ಲ. ಆ ತಾಯಂದಿರು ನನಗೆ ಮೊದಲು ಹೇಳುವುದು ಸಂಬಳದ ಸುದ್ದಿಯನ್ನಲ್ಲ. ಅಲ್ಲಿ ರಜೆ ಶುಕ್ರವಾರವಂತೆ, ಬಲಿಪೂಜೆಗೆ ಹೋಗುವುದೂ ಶುಕ್ರವಾರವೇ ಅಂತೆ. ಹೋದ ಹೊಸದರಲ್ಲಿ ಜ್ವರ ಬಂದು ಮಲಗಿದ್ದಾಗ, ಪೂಜೆಯಲ್ಲಿ ಒಮ್ಮೆ ಮುಖ ನೋಡಿದ್ದ ಯಾರೋ ಗಂಜಿ ಮಾಡಿ ತಂದುಕೊಟ್ಟರಂತೆ. ತಂದುಕೊಟ್ಟವರ ಹೆಸರು ತಾಯಿಗೆ ಗೊತ್ತಿರುವುದಿಲ್ಲ. ಆದರೂ ಪ್ರತಿ ರಾತ್ರಿಯ ಜಪಮಾಲೆಯಲ್ಲಿ ಆ ಹೆಸರಿಲ್ಲದವರಿಗಾಗಿ ಒಂದು ನಮೋ ಮರಿಯ ಸೇರಿರುತ್ತದೆ.

ಪರದೇಶದ ಗಂಜಿಯ ಮಾತು ಬಂದಾಗ ನನಗೆ ನೆನಪಾಗುವವರು ಸಂತ ಜೋಸೆಫ್ ವಾಜ್. ನಮ್ಮಲ್ಲಿ ಎಷ್ಟೋ ಮಂದಿ ಮುಡಿಪು ಬೆಟ್ಟಕ್ಕೆ ಹೋಗಿ ಬಂದವರು. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳಿಗಂತೂ ಅವರು ಮನೆಯ ಹಿರಿಯರಿದ್ದ ಹಾಗೆ. ಮುಡಿಪಿನಲ್ಲಿ ನಡೆದ ಪವಾಡದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರು ನಮ್ಮ ಕರಾವಳಿಯಲ್ಲಿದ್ದದ್ದು ಮೂರೇ ವರ್ಷ. ಪರದೇಶದಲ್ಲಿ, ಅಂದರೆ ಶ್ರೀಲಂಕೆಯಲ್ಲಿ, ಬದುಕಿ ಉಪದೇಶ ಹೇಳಿದ್ದು ಇಪ್ಪತ್ತನಾಲ್ಕು ವರ್ಷ. ಆ ಇಪ್ಪತ್ತನಾಲ್ಕು ವರ್ಷದ ಬದುಕನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಲಸೇಟೆ ಪ್ರಾಂತದ ಬಾಣಾವಲಿಯಲ್ಲಿ. ಅದು ತಾಯಿಯ ತವರು. ತಂದೆಯ ಊರು ಸಾಂಕ್ವಾಳ. ಬ್ರಾಹ್ಮಣ ಮೂಲದ, ಉಣ್ಣಲು ಉಡಲು ಕೊರತೆಯಿಲ್ಲದ ಕ್ರೈಸ್ತ ಮನೆತನ. ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿ, ಬಳಿಕ ದೋಮಿನಿಕರ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಕಲಿತರು. 1676ರಲ್ಲಿ ಗುರುದೀಕ್ಷೆಯಾಯಿತು. ಅಂದಿನಿಂದ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಹುಡುಗರಿಗೆ ಲತೀನ್ ಕಲಿಸಲು ಒಂದು ಶಾಲೆ ತೆರೆದರು. ಮುಂದೆ ಸಂತರೆಂದು ಹೆಸರಾದವರು ಮೊದಲು ಹಿಡಿದದ್ದು ಮೇಷ್ಟರ ಕೆಲಸವನ್ನು ಎಂಬುದನ್ನು ನಮ್ಮ ಶಿಕ್ಷಕ ಬಂಧುಗಳು ಗಮನಿಸಲಿ.

1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದು, ತಾನು ಮಾತೆ ಮರಿಯಳ ಗುಲಾಮನೆಂದು ಸಹಿ ಹಾಕಿದರು. ಅಂದಿನ ಗೋವೆಯಲ್ಲಿ ಗುಲಾಮ ಎಂಬುದು ಅಲಂಕಾರದ ಮಾತಾಗಿರಲಿಲ್ಲ. ಪೇಟೆಯಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲವದು. ಆ ಪದಕ್ಕೆ ಎಷ್ಟು ತೂಕವಿದೆ ಎಂದು ಬಲ್ಲವರು ಅದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು.

ಆಗಲೇ ಅವರ ಮನಸ್ಸು ಶ್ರೀಲಂಕೆಯ ಕಡೆಗಿತ್ತು. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ವಶಪಡಿಸಿಕೊಂಡು ಪೋರ್ಚುಗೀಸರನ್ನು ಓಡಿಸಿದ್ದರು. ಕಥೋಲಿಕ ಗುರುಗಳೆಲ್ಲರನ್ನೂ ಹೊರಗಟ್ಟಿದ್ದರು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಡಂಗುರ ಹೊಡೆಸಿದ್ದರು. ಹೀಗಾಗಿ ಸುಮಾರು ಮೂವತ್ತು ವರ್ಷಗಳಿಂದ ಅಲ್ಲಿನ ಕ್ರೈಸ್ತರಿಗೆ ಬಲಿಪೂಜೆ ಇರಲಿಲ್ಲ, ಪಾಪನಿವೇದನೆ ಇರಲಿಲ್ಲ. ಫಾದರ್ ಈ ಭಾನುವಾರ ಬರಲಿಲ್ಲವೆಂದು ನೊಂದುಕೊಳ್ಳುವ ಹೊಸದುರ್ಗ, ಹೊಳಲ್ಕೆರೆ ಕಡೆಯ ಬೆರಳೆಣಿಕೆಯ ಕುಟುಂಬಗಳು ಆ ಮೂವತ್ತು ವರ್ಷವನ್ನು ಒಮ್ಮೆ ಊಹಿಸಿಕೊಳ್ಳಲಿ. (ನಾನು ಬಾರದಿದ್ದುದಕ್ಕೆ ಇದು ಸಬೂಬಲ್ಲ.)

ಆದರೆ ಹಿರಿಯರು ಅವರನ್ನು ಮೊದಲು ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ, 1681ರಲ್ಲಿ. ಆಗ ಆ ಸೀಮೆಯನ್ನು ಆಳುತ್ತಿದ್ದವರು ಕೆಳದಿಯ ರಾಣಿ ಚೆನ್ನಮ್ಮಾಜಿ. ರಾಜಧಾನಿ ಬಿದನೂರು, ಇಂದಿನ ಹೊಸನಗರ ತಾಲ್ಲೂಕಿನ ನಗರ. ಚಿತ್ರದುರ್ಗದ ನಾಯಕರಿಗೂ ಕೆಳದಿಯವರಿಗೂ ನಡೆದ ಕಾಳಗಗಳ ಕಥೆ ಕೇಳಿ ಬೆಳೆದವರು ನೀವು. ಆ ಮನೆತನದ ವೀರಶೈವ ರಾಣಿ 1678ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು, ಕರಾವಳಿಯ ಕೆಲವು ಊರುಗಳಲ್ಲಿ ಕ್ರೈಸ್ತರು ದೇವಾಲಯ ಕಟ್ಟಿಕೊಳ್ಳಲು ಅನುಮತಿ ಕೊಟ್ಟಿದ್ದಳು. ಆ ಅನುಮತಿಯ ನೆರಳಿನಲ್ಲಿ ಜೋಸೆಫ್ ವಾಜ್ ಮಂಗಳೂರು, ಬಸರೂರು, ಕಲ್ಯಾಣಪುರ, ಗಂಗೊಳ್ಳಿಗಳಲ್ಲಿ ಓಡಾಡಿದರು, ಶಾಲೆಗಳನ್ನು ತೆರೆದರು, ಗುಲಾಮರಾಗಿದ್ದವರನ್ನು ಹಣ ಕೊಟ್ಟು ಬಿಡಿಸಿದರು. ಕ್ರೈಸ್ತರೊಳಗೇ ಒಂದು ದೊಡ್ಡ ಜಗಳವಿತ್ತು. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರ ನಡೆಯಬೇಕೋ, ರೋಮ್ ನೇರವಾಗಿ ನೇಮಿಸಿದ್ದ ಧರ್ಮಾಧ್ಯಕ್ಷರದೋ ಎಂದು ಜನ ಎರಡು ಪಾಳೆಯವಾಗಿದ್ದರು. ವಾಜ್ ಗೋವೆಯ ಕಡೆಯಿಂದ ಬಂದವರಾದರೂ ಆ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು, ಮಾತುಕತೆಯಲ್ಲಿ ತಿಳಿಮಾಡಿಕೊಳ್ಳಲು ನೋಡಿದರು. 1684ರಲ್ಲಿ ಗೋವೆಗೆ ಮರಳಿದರು.

ಮರುವರ್ಷ ಅವರು ಹಳೆ ಗೋವೆಯಲ್ಲಿ ಕೆಲವು ದೇಶೀಯ ಗುರುಗಳು ಕಟ್ಟಿಕೊಂಡಿದ್ದ ಸಣ್ಣ ಸಂಘವನ್ನು ಸೇರಿ ಅದರ ಮುಖ್ಯಸ್ಥರಾದರು. ಇದೇ ಮುಂದೆ ಸಂತ ಫಿಲಿಪ್ ನೇರಿಯವರ ನಿಯಮಕ್ಕೆ ಸೇರಿದ ಗೋವೆಯ ಓರಟರಿ. ಈ ಸಂಘದಲ್ಲಿದ್ದವರೆಲ್ಲ ಭಾರತೀಯರು. ಶ್ರೀಲಂಕೆಯ ಧರ್ಮಸಭೆಯನ್ನು ಮತ್ತೆ ಎತ್ತಿ ನಿಲ್ಲಿಸಿದವರು ಈ ಕಂದು ಬಣ್ಣದ ಗುರುಗಳೇ ಎಂಬುದು ನಮ್ಮ ಮಕ್ಕಳ ಧರ್ಮೋಪದೇಶದ ಪಾಠದಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ ಬರಬೇಕು ಎಂದು ನನ್ನ ಆಸೆ.

1686ರಲ್ಲಿ ಗೋವೆ ಬಿಟ್ಟರು. ಜೊತೆಗೆ ಕೊನೆಯವರೆಗೆ ಉಳಿದವನು ಜಾನ್ ಎಂಬ ಮನೆಯಾಳು. ಮರುವರ್ಷ ತೂತ್ತುಕುಡಿಯಲ್ಲಿ ಹಡಗು ಹತ್ತುವಾಗ ಗುರುವಿನ ಉಡುಪು ಇರಲಿಲ್ಲ. ಸೊಂಟಕ್ಕೊಂದು ತುಂಡು ಬಟ್ಟೆ, ಕೂಲಿಯವನ ವೇಷ. ಜಾಫ್ನಾ ಮುಟ್ಟುವ ಹೊತ್ತಿಗೆ ಇಬ್ಬರೂ ಬಳಲಿ ಹೋಗಿದ್ದರು. ವಾಜ್‌ರಿಗೆ ರಕ್ತಭೇದಿ. ಅಂಟುರೋಗವೆಂದು ಹೆದರಿ ಜನ ಊರ ಹತ್ತಿರ ಸೇರಿಸಲಿಲ್ಲ. ತತ್ತ್ವಶಾಸ್ತ್ರ ಓದಿದ, ಲತೀನ್ ಕಲಿಸಿದ, ಒಂದು ಸಂಘಕ್ಕೇ ಮುಖ್ಯಸ್ಥರಾಗಿದ್ದ ಗುರು ಯಾರೂ ಇಲ್ಲದ ಕಡೆ ನೆಲದ ಮೇಲೆ ಬಿದ್ದಿದ್ದರು. ಅವರಿಗೆ ದಿನವೂ ಗಂಜಿ ತಂದುಕೊಟ್ಟು ಬದುಕಿಸಿದವಳು ಒಬ್ಬ ಹೆಂಗಸು. ಆ ತಾಯಿಯ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಅವಳು ಉಣಿಸಿದ್ದು ಗುರುವಿಗೆಂದು ಅಲ್ಲ, ಭಿಕ್ಷುಕನಿಗೆ.

ಇಲ್ಲಿ ನಿಮ್ಮನ್ನು ಸ್ವಲ್ಪ ನಿಲ್ಲಿಸುತ್ತೇನೆ. ಪರದೇಶಕ್ಕೆ ಸೇವೆಗೆಂದು ಹೋಗುವವರ ಬಗ್ಗೆ ನಾವು ಮಾತಾಡುವಾಗ ಅವರು ಏನು ಕೊಟ್ಟರು ಎಂಬುದನ್ನೇ ಲೆಕ್ಕ ಹಾಕುತ್ತೇವೆ. ಜೋಸೆಫ್ ವಾಜ್ ಲಂಕೆಯ ನೆಲದಲ್ಲಿ ಮೊದಲು ಮಾಡಿದ್ದು ಪಡೆಯುವ ಕೆಲಸ. ಅವರು ಗೋವೆಯಲ್ಲಿ ಓದಿದ್ದ ಸಂತ ತೋಮಸರು ಕೃತಜ್ಞತೆಯನ್ನು ಭಾವನೆಗಳ ಪಟ್ಟಿಯಲ್ಲಿ ಇಡದೆ ನ್ಯಾಯದ ಮಗ್ಗುಲಲ್ಲಿ ಇಡುತ್ತಾರೆ. ಅದೊಂದು ಸಾಲ. ಆದರೆ ಯಾವ ಕೋರ್ಟಿನಲ್ಲೂ ವಸೂಲಿ ಮಾಡಲಾಗದ ಸಾಲ. ನಮ್ಮ ಅಜ್ಜಿಯರು ಪುಸ್ತಕ ಓದದೆ ಅದನ್ನೇ ಅನ್ನದ ಋಣ ಎಂದರು. ಗುರುಮಠದಲ್ಲಿ ಈ ಪಾಠ ಕೇಳುವಾಗ ನನಗೆ ಅಷ್ಟಾಗಿ ತಲೆಗೆ ಹೋಗಿರಲಿಲ್ಲ. ವಾಜ್‌ರ ಬದುಕು ಓದಿದ ಮೇಲೆ ಹೋಯಿತು.

ಗುಣವಾದ ಮೇಲೆ ಅವರು ಭಿಕ್ಷೆಗೆ ಹೊರಟರು. ಕತ್ತಿನಲ್ಲಿ ಜಪಮಾಲೆ ಹಾಕಿಕೊಂಡು ಮನೆಯಿಂದ ಮನೆಗೆ ಹೋದರು. ಯಾರ ಕಣ್ಣು ಆ ಮಣಿಗಳ ಮೇಲೆ ನಿಲ್ಲುತ್ತದೆ, ಯಾರ ಮುಖ ಅರಳುತ್ತದೆ ಎಂದು ನೋಡುತ್ತಿದ್ದರು. ಬಾಯಿಬಿಟ್ಟು ಕೇಳಿದರೆ ಅಪಾಯ ಕೇಳಿದವನಿಗೂ ಹೇಳಿದವನಿಗೂ. ಹೀಗೆ ಒಂದೊಂದೇ ಮನೆ ಗುರುತಾಗಿ, ಸಿಲ್ಲಾಲೈ ಎಂಬ ಹಳ್ಳಿಯವರು ಅವರನ್ನು ತಮ್ಮಲ್ಲಿಟ್ಟುಕೊಂಡರು. ಹಗಲು ಅಡಗಿದ್ದು ರಾತ್ರಿ ಬಲಿಪೂಜೆ, ಬೆಳಗಾಗುವುದರೊಳಗೆ ಇನ್ನೊಂದು ಮನೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಜನಸಮುದಾಯವೇ ಪ್ರಾಣ ಪಣವಿಟ್ಟು ಒಬ್ಬ ಪರದೇಶಿಯನ್ನು ಬಚ್ಚಿಟ್ಟಿತು.

ಅದರ ಬೆಲೆಯನ್ನೂ ಆ ಸಮುದಾಯವೇ ತೆತ್ತಿತು. 1689ರ ಕ್ರಿಸ್ತಜಯಂತಿಯ ರಾತ್ರಿ, ಪೂಜೆಗೆ ಸೇರಿದ್ದವರ ಮೇಲೆ ಡಚ್ ಸೈನಿಕರು ಬಿದ್ದರು. ನೂರಾರು ಜನರನ್ನು ಹಿಡಿದುಕೊಂಡು ಹೋದರು. ಗುರು ಸಿಗಲಿಲ್ಲ. ಮುಖಂಡರಾದ ಎಂಟು ಮಂದಿಗೆ ಕಠಿಣ ಶಿಕ್ಷೆಯಾಯಿತು. ಅವರಲ್ಲಿ ದೊಂ ಪೇದ್ರು ಎಂಬಾತ ಛಡಿಯೇಟಿನಿಂದ ಸತ್ತ. ಉಳಿದವರು ಸಂಕೋಲೆಯಲ್ಲಿ ದುಡಿಯುವಂತಾಯಿತು. ಹೊಡೆದವರೂ ಕ್ರೈಸ್ತರೇ, ಹೊಡೆಸಿಕೊಂಡವರೂ ಕ್ರೈಸ್ತರೇ ಎಂದು ಬರೆಯುವಾಗ ಲೇಖನಿ ತಡೆಯುತ್ತದೆ. ಗಂಜಿಯ ಋಣಕ್ಕೆ ಈಗ ರಕ್ತದ ಋಣವೂ ಸೇರಿತು. ಜೋಸೆಫ್ ವಾಜ್ ಮತ್ತೆ ಎಂದೂ ಗೋವೆಗೆ ಹಿಂದಿರುಗದಿದ್ದುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ತಮಗಾಗಿ ಸತ್ತವರ ಮನೆಗಳನ್ನು ಬಿಟ್ಟು ಹೋಗುವುದಾದರೂ ಹೇಗೆ?

1690ರಲ್ಲಿ ಅವರು ಪುತ್ತಲಂಗೆ ಬಂದರು. ಅದು ಕ್ಯಾಂಡಿಯ ರಾಜನ ಸೀಮೆ, ಡಚ್ಚರ ಕೈಗೆ ಎಟುಕದ್ದು. ಎರಡು ವರ್ಷದ ಮೇಲೆ ರಾಜಧಾನಿಗೇ ಹೊರಟರು. ಇವನು ಪೋರ್ಚುಗೀಸರ ಗೂಢಚಾರನೆಂದು ಯಾರೋ ಮೊದಲೇ ರಾಜನ ಕಿವಿಯೂದಿದ್ದರು. ಜಾನ್‌ನ ಸಮೇತ ಸೆರೆಯಾಯಿತು. ಸೆರೆಯೊಳಗೆ ಅವರು ಕೈಕಟ್ಟಿ ಕೂರಲಿಲ್ಲ. ಸಿಂಹಳ ಭಾಷೆಯನ್ನು ಅಕ್ಷರದಿಂದ ಕಲಿಯಲು ಹಿಡಿದರು. ತಮಿಳು ಆಗಲೇ ಬಂದಿತ್ತು. ಕಾವಲು ಸಡಿಲವಾದಾಗ ಅಂಗಳದಲ್ಲಿ ಸೋಗೆಯದೊಂದು ಗುಡಿಸಲು ಕಟ್ಟಿ ಬಲಿಪೀಠ ಇಟ್ಟರು. 1692ರ ಕ್ರಿಸ್ತಜಯಂತಿಗೆ ಅಲ್ಲಿ ಪೂಜೆ ಅರ್ಪಿಸಿದರು. ಊರಿನಲ್ಲಿದ್ದ ಹಳೆಯ ಕಥೋಲಿಕರು ಒಬ್ಬೊಬ್ಬರಾಗಿ ಬರತೊಡಗಿದರು.

ಆಮೇಲೆ ಬರ ಬಂತು. ಬರವೆಂದರೇನೆಂದು ಹಿರಿಯೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. 1933ರಲ್ಲಿ ತುಂಬಿದ ಮಾರಿಕಣಿವೆ ಜಲಾಶಯ ಮತ್ತೆ ತುಂಬಿ ಕೋಡಿ ಬಿದ್ದದ್ದನ್ನು ನೋಡಲು 2022ರವರೆಗೆ ಕಾದ ಜನ ನಾವು. ಕ್ಯಾಂಡಿಯಲ್ಲಿ ಮಳೆಗಾಗಿ ಎಲ್ಲ ಪೂಜೆಗಳೂ ನಡೆದವು, ಮೋಡ ಕಟ್ಟಲಿಲ್ಲ. ಕೊನೆಗೆ ರಾಜ ಎರಡನೇ ವಿಮಲಧರ್ಮಸೂರ್ಯ ಈ ಸೆರೆಯಾಳಿಗೂ ಹೇಳಿಕಳುಹಿಸಿದ. ವಾಜ್ ಬಯಲಲ್ಲಿ ಪೀಠವೊಂದನ್ನು ನಿಲ್ಲಿಸಿ ಶಿಲುಬೆಯಿಟ್ಟು ಮೊಣಕಾಲೂರಿದರು. ಮಳೆ ಸುರಿಯಿತು. ಅವರೂ ಪೀಠವೂ ನೆನೆಯಲಿಲ್ಲ ಎಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ನೀವು ಪವಾಡವನ್ನು ನಂಬುತ್ತೀರಿ, ನಾನೂ ನಂಬುತ್ತೇನೆ. ಆದರೆ ನನ್ನ ಮನಸ್ಸು ನಿಲ್ಲುವುದು ಮಳೆಯ ಮಾರನೆಯ ದಿನದ ಮೇಲೆ. ಬೌದ್ಧ ರಾಜ ಆ ಕ್ರೈಸ್ತ ಗುರುವಿಗೆ ತನ್ನ ರಾಜ್ಯದಲ್ಲಿ ಎಲ್ಲಿ ಬೇಕಾದರೂ ಓಡಾಡಿ ಉಪದೇಶ ಮಾಡಲು ಬಿಡುಗಡೆ ಕೊಟ್ಟ. ಡಚ್ ಕ್ರೈಸ್ತರು ಬೇಟೆಯಾಡಿದವರನ್ನು ಬೌದ್ಧ ದೊರೆ ಕಾಪಾಡಿದ. ಅದಕ್ಕೂ ಮೊದಲು ನಮ್ಮ ನಾಡಿನಲ್ಲಿ ವೀರಶೈವ ರಾಣಿಯ ಆಶ್ರಯ ಸಿಕ್ಕಿತ್ತು. ಜೋಸೆಫ್ ವಾಜ್‌ರ ಋಣದ ಪುಸ್ತಕದಲ್ಲಿ ಕಥೋಲಿಕರ ಹೆಸರುಗಳಷ್ಟೇ ಇಲ್ಲ.

ಸುಮಾರು ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಕಾಲ್ನಡಿಗೆಯಲ್ಲಿ ಒಂದು ಸುತ್ತು ಮುಗಿಸಿ ಅದೇ ಹಳ್ಳಿಗೆ ಮತ್ತೆ ಬರುವಾಗ ವರ್ಷ ಕಳೆದಿರುತ್ತಿತ್ತು. ಮೂವತ್ತು ವರ್ಷ ಗುರುವಿಲ್ಲದೆ ಜಪಮಾಲೆಯ ಬಲದಿಂದ ಉಳಿದ ಜನ ಇವರು. ಆ ಬಲವನ್ನೇ ವಾಜ್ ಗಟ್ಟಿಮಾಡಿದರು. ಪ್ರತಿ ಊರಿನಲ್ಲೂ ಒಬ್ಬ ಗೃಹಸ್ಥನನ್ನು ಮುಖ್ಯಸ್ಥನಾಗಿ ನೇಮಿಸಿದರು. ಅವನನ್ನು ಮೂಪ್ಪು ಎಂದು ಕರೆಯುತ್ತಿದ್ದರು. ಧರ್ಮೋಪದೇಶ ಕಲಿಸಿ ಪ್ರಾರ್ಥನೆ ನಡೆಸುವವನು ಅಣ್ಣಾವಿ. ತಮಿಳಿನಲ್ಲಿ ಆ ಮಾತಿಗೆ ಉಪಾಧ್ಯಾಯ ಎಂದೇ ಅರ್ಥ. ಭಾನುವಾರ ಜನರನ್ನು ಸೇರಿಸುವುದು, ಪ್ರಾಣಾಪಾಯದಲ್ಲಿರುವ ಮಗುವಿಗೆ ದೀಕ್ಷಾಸ್ನಾನ ಕೊಡುವುದು, ಸಾಯುವವರ ಬಳಿ ಕೂತು ಪ್ರಾರ್ಥಿಸುವುದು, ಬಡವರ ಮನೆಯ ಅಗತ್ಯ ನೋಡುವುದು, ಗುರು ಬಂದಾಗ ಇದೆಲ್ಲದರ ವರದಿ ಕೊಡುವುದು ಇವರ ಕೆಲಸ. ಪ್ರಾರ್ಥನೆಗಳನ್ನೂ ಧರ್ಮೋಪದೇಶವನ್ನೂ ವಾಜ್ ತಮಿಳಿಗೂ ಸಿಂಹಳಕ್ಕೂ ತಂದುಕೊಟ್ಟರು. ಇದು 17ನೇ ಶತಮಾನದ ಮಾತು. ಶ್ರೀಸಾಮಾನ್ಯ ವಿಶ್ವಾಸಿಗಳ ಪಾತ್ರದ ಬಗ್ಗೆ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನು ನಾವು ಹೊಸ ಮಾತೆಂದು ಸೆಮಿನಾರುಗಳಲ್ಲಿ ಚರ್ಚಿಸುತ್ತೇವೆ!

ಈ ಕೆಲಸದಲ್ಲಿ ಜಾನ್‌ನ ಪಾಲು ಎಷ್ಟು ದೊಡ್ಡದು ಎಂದು ನಮ್ಮ ಸಂತಚರಿತ್ರೆಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಅದು ನನಗೆ ಸರಿಕಾಣುವುದಿಲ್ಲ. ಅದೇ ಹಸಿವು, ಅದೇ ಸೆರೆ, ಅದೇ ದಾರಿ ಅವನದೂ ಹೌದು. ಅವನೂ ಭಾಷೆ ಕಲಿತ, ಅವನೂ ಪ್ರಾರ್ಥನೆ ಹೇಳಿಕೊಟ್ಟ. ಗುರುವಿನ ಪಟ ಪೀಠದ ಮೇಲೇರಿತು, ಆಳಿನ ಮುಖ ಹೇಗಿತ್ತೆಂದು ಕೇಳುವವರಿಲ್ಲ.

1697ರ ಸುಮಾರಿಗೆ ಗೋವೆಯಿಂದ ಇನ್ನೂ ಕೆಲವು ಗುರುಗಳು ಬಂದು ಸೇರಿಕೊಂಡರು. ಅವರಲ್ಲಿ ಜೋಸೆಫ್ ಕರ್ವಾಲೊ ಎಂಬವರು ವಾಜ್‌ರ ಸೋದರಳಿಯ. ಅದೇ ಹೊತ್ತಿಗೆ ಕ್ಯಾಂಡಿಗೆ ಸಿಡುಬು ಹೊಕ್ಕಿತು. ರಾಜ ಅರಮನೆ ಬಿಟ್ಟು ಹೋದ. ಶ್ರೀಮಂತರು ಊರು ಬಿಟ್ಟರು. ಬಡವರು ತಮ್ಮ ಮನೆಯ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಜಾಫ್ನಾದಲ್ಲಿ ತಾವು ಬಿದ್ದಿದ್ದ ಹಾಗೆಯೇ ಬಿದ್ದಿದ್ದ ಜನರನ್ನು ಜೋಸೆಫ್ ವಾಜ್ ಈಗ ಕಂಡರು. ಸೋದರಳಿಯನನ್ನು ಕರೆದುಕೊಂಡು ಕಾಡಿಗೆ ಹೋದರು. ಅವರಿಗೆ ಸೋಗೆಯ ನೆರಳು ಮಾಡಿಕೊಟ್ಟರು, ಖಾಲಿ ಬಿದ್ದಿದ್ದ ಮನೆಗಳನ್ನು ಆಸ್ಪತ್ರೆ ಮಾಡಿದರು, ಹುಣ್ಣು ತೊಳೆದರು, ಗಂಜಿ ಕಾಯಿಸಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಯಾವ ಧರ್ಮದವರೆಂದು ಕೇಳಲಿಲ್ಲ. ಊಟ ಔಷಧಿಗೆ ಕ್ರೈಸ್ತ ಸಮುದಾಯ ಕೈಲಾದದ್ದು ಕೊಟ್ಟಿತು. ಊರಿಗೆ ಮರಳಿದ ರಾಜ, ಈ ಗುರು ಇಲ್ಲದಿದ್ದರೆ ತನ್ನ ರಾಜಧಾನಿಯ ಬೀದಿಗಳು ಹೆಣಗಳಿಂದ ತುಂಬುತ್ತಿದ್ದವೆಂದು ಎಲ್ಲರೆದುರು ಒಪ್ಪಿಕೊಂಡ. ಗಂಜಿ ಕೊಟ್ಟ ಜಾಫ್ನಾದ ಆ ತಾಯಿಗೆ ಈ ಸುದ್ದಿ ತಲುಪಿರಲಾರದು.

ಮುಂದೆ ಜಗದ್ಗುರುಗಳ ಪ್ರತಿನಿಧಿಯಾಗಿ ಭಾರತಕ್ಕೆ ಬಂದ ತೂರ್ನೊನ್ ಅವರು ಲಂಕೆಯ ಕೆಲಸ ಕೇಳಿ ಮೆಚ್ಚಿ, ಜೋಸೆಫ್ ವಾಜ್‌ರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಬಯಸಿದರು. ಇವರು ಒಪ್ಪಲಿಲ್ಲ. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವೆಸ್ ಎಂಬ ಇನ್ನೊಬ್ಬ ಗೋವೆಯ ಗುರುವಿಗೆ ಸಿಂಹಳ, ತಮಿಳುಗಳನ್ನು ಚೆನ್ನಾಗಿ ಕಲಿಯಲು ಹಚ್ಚಿದರು. ಆ ಎರಡೂ ಭಾಷೆಗಳಲ್ಲಿ ಬರೆದ ಗೊನ್ಸಾಲ್ವೆಸ್‌ರನ್ನು ಸಿಂಹಳ ಸಾಹಿತ್ಯದವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಕುರ್ಚಿ ಬೇಡವೆಂದವರು ಪುಸ್ತಕ ಬರೆಯುವವನನ್ನು ತಯಾರು ಮಾಡಿದರು.

ದಿನವೂ ಬಲಿಪೂಜೆ ಅರ್ಪಿಸುವ ನಾವು ಗುರುಗಳು ಒಂದು ಮಾತನ್ನು ಮರೆಯುತ್ತೇವೆ. ಪರಮಪ್ರಸಾದದ ಸಂಸ್ಕಾರಕ್ಕೆ ಹಳೆಯ ಗ್ರೀಕ್ ಹೆಸರು ಯೂಕರಿಸ್ತಿಯ, ಅಂದರೆ ಕೃತಜ್ಞತಾಸ್ತುತಿ. ವಾಜ್‌ರಿಗೆ ಅದು ಮರೆಯುವ ಮಾತಾಗಿರಲಿಲ್ಲ. ಅವರ ಪೂಜೆಗೆ ಒಬ್ಬರು ಮನೆ ಕೊಟ್ಟಿರುತ್ತಿದ್ದರು, ಒಬ್ಬರು ದೀಪ ತಂದಿರುತ್ತಿದ್ದರು, ಒಬ್ಬರು ಕತ್ತಲಲ್ಲಿ ದಾರಿ ಕಾಯುತ್ತಿದ್ದರು. ಇಷ್ಟು ಜನರ ಧೈರ್ಯವಿಲ್ಲದೆ ಒಂದು ಪೂಜೆಯೂ ಆಗುತ್ತಿರಲಿಲ್ಲ. ಮುಂದಿನ ಭಾನುವಾರ ದೇವಾಲಯದ ಬೀಗ ತೆಗೆದು ಕಸ ಗುಡಿಸಿಟ್ಟವರು ಯಾರೆಂದು ನಾನು ಕೇಳಿ ತಿಳಿದುಕೊಳ್ಳಬೇಕು. ಇಷ್ಟು ದಿನ ಕೇಳಿಲ್ಲ.

1711ರ ಜನವರಿ 16ರಂದು, ಅರವತ್ತು ತುಂಬುವ ಮೊದಲೇ, ಕ್ಯಾಂಡಿಯಲ್ಲಿ ಅವರು ತೀರಿಕೊಂಡರು. ಅವರು ಬಂದಾಗ ಒಬ್ಬ ಗುರುವೂ ಇಲ್ಲದಿದ್ದ ದ್ವೀಪದಲ್ಲಿ ಆಗ ಗುರುಗಳ ಒಂದು ತಂಡವೂ, ಊರೂರಿಗೆ ಪ್ರಾರ್ಥನಾಲಯಗಳೂ, ಹತ್ತಾರು ಸಾವಿರ ವಿಶ್ವಾಸಿಗಳೂ ಇದ್ದರು. 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪೌಲ್ ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದಾಗ ನಾನಿನ್ನೂ ಹೈಸ್ಕೂಲು ಹುಡುಗ. 2015ರ ಜನವರಿ 14ರಂದು ಅದೇ ನಗರದ ಸಮುದ್ರ ದಂಡೆಯ ಬಯಲಿನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ದೇಶದಿಂದ ಹೋದ ಒಬ್ಬ ವಲಸಿಗ ಶ್ರೀಲಂಕೆಗೆ ಮೊದಲ ಸಂತನಾದ.

ಅವರ ಸಮಾಧಿ ಎಲ್ಲಿದೆ ಎಂದು ಕೇಳಿಕೊಂಡು ಕ್ಯಾಂಡಿಗೆ ಹೋದರೆ ನಿಮಗೆ ಯಾರೂ ಖಚಿತವಾಗಿ ತೋರಿಸಲಾರರು. 1740ರ ದಶಕದಲ್ಲಿ ಬಂದ ಇನ್ನೊಬ್ಬ ರಾಜ ಗುರುಗಳನ್ನು ಹೊರಗೆ ಹಾಕಿದ, ದೇವಾಲಯಗಳು ನೆಲಸಮವಾದವು. ಕ್ಯಾಂಡಿಯ ಹಳ್ಳಿಗಳಲ್ಲಿ ಮತ್ತೆ ಪೂಜೆಯಿಲ್ಲದ ಭಾನುವಾರಗಳು ಬಂದವು. ಆ ಭಾನುವಾರಗಳಲ್ಲಿ ಯಾವುದಾದರೂ ಒಂದು ಮನೆಯ ಬಾಗಿಲು ಮುಚ್ಚಿಕೊಂಡು, ಮೂಪ್ಪು ಜನರನ್ನು ಎಣಿಸಿ, ಯಾರ ಮನೆಯಲ್ಲಿ ಕಾಯಿಲೆ ಎಂದು ವಿಚಾರಿಸಿ, ಆಮೇಲೆ ಜಪಮಾಲೆ ಕೈಗೆತ್ತಿಕೊಳ್ಳುತ್ತಿದ್ದ.